ಹದಿನೆಂಟು ಅಡಿ ಗುಡ್ಡ

ಕಾಗದದಲ್ಲಿ ಇದ್ದದ್ದು ನಾಲ್ಕೇ ಸಾಲು. ಇವತ್ತಿಗೂ ನನಗೆ ಬಾಯಿಪಾಠ. "ಶಿವರಾತ್ರಿ ನಾಟಕಕ್ಕೆ ಹಿಂದೆ ಕಟ್ಟಲು ಒಂದು ದೊಡ್ಡ ಗುಡ್ಡ ಮಾಡಿಕೊಡಬೇಕು. ಅಗಲ ಹದಿನೆಂಟು ಅಡಿ, ಎತ್ತರ ಹನ್ನೆರಡು ಅಡಿ. ಬಣ್ಣ ಮಣ್ಣಿನದಿರಲಿ. ಮರ ಗಿಡ, ಮನೆ ಮಠ ಏನೂ ಬೇಡ." ಕೆಳಗೆ ರಾಯಲ್ಪಾಡು ಕಡೆಯ ಒಂದು ಹಳ್ಳಿಯ ಹೆಸರು, ಅಲ್ಲಿಯ ನಾಟಕದ ಯಜಮಾನರ ರುಜು. ಕಾಗದದ ಜೊತೆಗೇ ಒಂದು ಬಟ್ಟೆಯ ಗಂಟು ಬಂದಿತ್ತು. ಬಿಚ್ಚಿ ನೋಡಿದರೆ ಐದು ಪಂಚೆಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದಿದ್ದರು. ಒಂದರ ಬಿಳುಪು ಇನ್ನೊಂದಕ್ಕಿರಲಿಲ್ಲ.

ಯುದ್ಧದ ಕಾಲ. ಬಟ್ಟೆಗೆ ಕಂಟ್ರೋಲು ಬಂದಿತ್ತು, ಹೊಸ ಕೋರಾ ಬಟ್ಟೆ ಕಣ್ಣಿಗೆ ಬೀಳುತ್ತಿರಲಿಲ್ಲ. ಹಳೇ ಪಂಚೆ ಹೊಲಿದು ಕಳಿಸಿದ್ದು ನಮಗೇನೂ ವಿಚಿತ್ರ ಅನ್ನಿಸಲಿಲ್ಲ.

ನಮ್ಮದು ಕೋಲಾರದಲ್ಲಿ, ಹುಣಸೆಹಣ್ಣಿನ ಮಂಡಿಯ ಹಿಂದೆ ಒಂದು ಉದ್ದನೆಯ ಶೆಡ್ಡು. ನಾಟಕದ ಪರದೆ ಬರೆಯುವುದು ಅಲ್ಲಿಯ ಕೆಲಸ. ಬರೆಯುವವರು ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಆದರೂ ಊರಿಗೆಲ್ಲ ಪರದೆ ಮೇಷ್ಟ್ರು. ನಾನು ಮಾಲೂರಿನವನು, ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವವರ ಮಗ. ನಾಲ್ಕು ವರ್ಷದಿಂದ ಅವರ ಹತ್ತಿರ ಬಣ್ಣ ಅರೆಯುತ್ತಿದ್ದೆ, ಆಕಾಶ ತುಂಬುತ್ತಿದ್ದೆ. ಆಕಾಶ ನನ್ನದು, ಭೂಮಿ ಮೇಷ್ಟ್ರದು, ಹಾಗೆ ಒಪ್ಪಂದ. ನಾಲ್ಕು ತಾಲ್ಲೂಕಿನ ನಾಟಕದವರು ನನ್ನ ಆಕಾಶದ ಕೆಳಗೆ ಕುಣಿಯುತ್ತಿದ್ದರು, ಆದರೆ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಇರುತ್ತಿದ್ದದ್ದು ಮೇಷ್ಟ್ರ ಹೆಸರು. ಆ ಮೂಲೆಯನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಇಪ್ಪತ್ತೆರಡು ವರ್ಷದವನಿಗೆ ಉರಿಯಬೇಕಾದ್ದೇ.

ಮೇಷ್ಟ್ರು ಕಾಗದವನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು. "ನೋಡು, ಬೆಟ್ಟ ಅಂತ ಬರೆದಿಲ್ಲ, ಗುಡ್ಡ ಅಂತ ಬರೆದವ್ರೆ. ಅಂದ್ರೆ ಕುಳ್ಳು, ಬೋಳು. ಮರಾನೂ ಬೇಡವಂತೆ. ತಿಳಿದೋರು ಕಣೋ ಅವ್ರು."

"ನೀವು ಯಾವಾಗ ಶುರು ಮಾಡ್ತೀರಿ?" ಅಂದೆ.

"ನಾನಲ್ಲ, ನೀನು. ಇದು ಪೂರ್ತಿ ನಿಂದು. ಅವರ ಸ್ಟೇಜಿನ ಮೇಲೆ ಏರಿದ್ರೆ ಮೂಲೇಲಿ ನಿನ್ನ ಹೆಸರು ಬರಿ. ಏರದೆ ವಾಪಸ್ ಬಂತೋ, ಇನ್ನೆರಡು ವರ್ಷ ಬಾಯಿ ಮುಚ್ಕೊಂಡು ಬಣ್ಣ ಅರೀಬೇಕು. ಆಗ್ಬೋದಾ?"

ಆಗಬಹುದು ಅನ್ನುವುದಕ್ಕೆ ನನಗೆ ಉಸಿರೂ ಬೇಕಾಗಲಿಲ್ಲ.

ಆದರೆ ಬಣ್ಣವೆಲ್ಲಿ? ಹೊರದೇಶದಿಂದ ಬರುತ್ತಿದ್ದ ಬಣ್ಣದ ಪುಡಿ ಯುದ್ಧದ ದೆಸೆಯಿಂದ ನಿಂತುಹೋಗಿತ್ತು. ಇದ್ದ ಡಬ್ಬಿಗಳ ತಳ ಕೆರೆದು ಮೇಷ್ಟ್ರು ಒಂದು ಅರಮನೆ ಪರದೆಗೆ ಎತ್ತಿಟ್ಟಿದ್ದರು. ನನಗೆ ಉಳಿದದ್ದು ಬಟ್ಟೆಗೆ ಹಾಕುವ ನೀಲಿ, ದೀಪದ ಮಸಿ, ಸುಣ್ಣ. ಮಣ್ಣಿನ ಬಣ್ಣದ ಗುಡ್ಡಕ್ಕೆ ಮಣ್ಣನ್ನೇ ಹಾಕಿದರಾಯ್ತು ಅಂತ ಅವತ್ತೇ ತೀರ್ಮಾನ ಮಾಡಿದೆ. ಬರೀ ಬಳಿಯುವುದಲ್ಲ, ಗುಡ್ಡ ಕೈಗೆ ಸಿಗಬೇಕು, ಹಾಗೆ ದಪ್ಪಕ್ಕೆ ಎಬ್ಬಿಸಬೇಕು ಅಂತ ನನ್ನ ಹುಮ್ಮಸ್ಸು.

ಮೇಷ್ಟ್ರ ಸೈಕಲ್ಲು ತೆಗೆದುಕೊಂಡು ಮುಳಬಾಗಿಲಿಗೆ ಹೋದೆ. ಬಂಡೆಗಳನ್ನು ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ಮೂರು ದಿನ ಅವುಗಳ ಮುಂದೆ ಕೂತೆ. ಮೊದಲನೇ ದಿನ ಬರೆದದ್ದು ಮೂರು ಕಡುಬು ಬೋರಲು ಹಾಕಿದಂತಿತ್ತು. ಎರಡನೇ ದಿನ ಹತ್ತಿರ ಹೋಗಿ ಕೂತೆ. ಆಗ ಒಂದು ಸಂಗತಿ ಗೊತ್ತಾಯಿತು. ದೂರದಿಂದ ನೋಡುವಾಗ ಗುಡ್ಡಕ್ಕೊಂದು ಆಕಾರ ಇರುತ್ತದೆ, ಹತ್ತಿರ ಹೋದರೆ ಆಕಾರ ಇರುವುದಿಲ್ಲ. ಚರ್ಮ ಮಾತ್ರ ಇರುತ್ತದೆ. ಬಿಸಿಲಿಗೆ ಹೊಪ್ಪಳೆ ಎದ್ದು ಕಳಚಿದ ಪದರ, ಮಳೆನೀರು ಇಳಿದು ಇಳಿದು ಕಪ್ಪಾದ ಪಟ್ಟೆ, ಬೂದಿಬಣ್ಣದ ಮಚ್ಚೆ, ಬಿರುಕು, ಬಿರುಕಿನೊಳಗೆ ಇನ್ನೊಂದು ಬಿರುಕು. ಅಂಗೈ ಇಟ್ಟು ಸವರಿದೆ. ಬೆಳಿಗ್ಗೆ ಎಂಟು ಗಂಟೆಗೇ ಬೆಚ್ಚಗಿತ್ತು. ಇದನ್ನು ನೋಡಿದೆ, ಸವರಿದೆ, ಆದರೆ ಬುದ್ಧಿಗೆ ಹತ್ತಲಿಲ್ಲ. ಮತ್ತೆ ದೂರ ಹೋಗಿ ಕೂತು ಆಕಾರವನ್ನೇ ಬರೆದುಕೊಂಡು ಬಂದೆ.

ಬರುವಾಗ ಕಲ್ಲು ಒಡೆಯುವವರ ಹತ್ತಿರ ಒಂದು ಚೀಲ ಕಲ್ಲಿನ ಪುಡಿ ಕೇಳಿದೆ. ಜಲ್ಲಿ ಕುಟ್ಟುತ್ತಿದ್ದ ಒಬ್ಬ ಮುದುಕಿ ಸುತ್ತಿಗೆ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕಲ್ಲು ಕೇಳೋರು ಬರ್ತಾರೆ. ಧೂಳು ಕೇಳೋನು ನೀನೊಬ್ಬನೇ ನೋಡಪ್ಪ. ಏನ್ಮಾಡ್ತೀಯ ಇದ್ನ?"

"ಗುಡ್ಡ ಮಾಡ್ತೀನಿ ಅಜ್ಜಿ."

"ಮಾಡು ಮಾಡು. ನಾವು ಹುಟ್ಟಿದಾಗ್ನಿಂದ ಗುಡ್ಡಾನ ಧೂಳು ಮಾಡ್ತಾ ಇದೀವಿ. ಧೂಳನ್ನ ಗುಡ್ಡ ಮಾಡೋನೂ ಒಬ್ಬ ಇರ್ಲಿ."

ಕೆಂಪು ಮಣ್ಣು ಕೋಲಾರದಲ್ಲೇ ಸಿಕ್ಕಿತು. ಬೂದಿಬಣ್ಣಕ್ಕೆ ಕ್ಯಾಲನೂರಿನ ಹತ್ತಿರ ಒಂದು ನೀರಿನ ಕುಂಟೆಯ ತಳದಿಂದ ಜೇಡಿ ತಂದೆ. ಎಲ್ಲವನ್ನೂ ಕುಟ್ಟಿ ಸೀರೆಯ ಬಟ್ಟೆಯಲ್ಲಿ ಜರಡಿ ಹಿಡಿದೆ. ಅಂಟಿಗೆ ಹುಣಸೆ ಬೀಜ. ಪಕ್ಕದಲ್ಲೇ ಮಂಡಿ, ಬೀಜಕ್ಕೇನು ಬರವೇ? ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ಗಂಜಿಯ ಹದಕ್ಕೆ ಕುದಿಸಬೇಕು. ಪರದೆಯವರು ಅದಕ್ಕೆ ಸರಿ ಅನ್ನುತ್ತಾರೆ. ಆ ಸರಿಗೆ ಮಣ್ಣು ಕಲಸಿ, ಮೈಕಟ್ಟು ಬರಲಿ ಅಂತ ಸಣ್ಣ ರಾಗಿ ಹೊಟ್ಟು ಸೇರಿಸಿ, ಗೋಡೆಗೆ ಕಟ್ಟಿದ ಪಂಚೆಗಳ ಮೇಲೆ ಕರಣೆಯಲ್ಲೂ ಕೈಯಲ್ಲೂ ಮೆತ್ತಿದೆ. ಮೇಲೆ ಕಲ್ಲಿನ ಪುಡಿ ಎರಚಿದೆ. ಗುಡ್ಡ ಎದ್ದು ನಿಂತಿತು. ನಾನೂ ಎದೆ ಸೆಟೆಸಿಕೊಂಡು ನಿಂತೆ.

ಒಣಗಿದ ಮೇಲೆ ಮೇಷ್ಟ್ರು ಪರೀಕ್ಷೆಗೆ ಬಂದರು. ಪರದೆಯನ್ನು ಯಾವತ್ತೂ ಮಡಿಸಬಾರದು, ಬಿದಿರಿಗೆ ಸುತ್ತಬೇಕು. ಶೆಡ್ಡಿನ ಮೊದಲ ಪಾಠ ಅದು. ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಮೂರು ಸಲ ಮಾಡಿ ಕೆಳಗೆ ಹಾಸಿದ ಬಿಳಿ ಟವೆಲಿನ ಮೇಲೆ ಏನು ಉದುರಿತು ನೋಡುವುದು ಅವರ ಪದ್ಧತಿ. ನನ್ನದಕ್ಕೆ ಮೂರು ಸಲ ಬೇಕಾಗಲಿಲ್ಲ. ಮೊದಲ ಸುತ್ತಿಗೇ ಅರ್ಧ ಗುಡ್ಡ ಹೆಂಚಿನ ಚೂರುಗಳಾಗಿ ನೆಲಕ್ಕೆ ಬಿತ್ತು. ಮೇಷ್ಟ್ರು ಮೂಲೆಯಲ್ಲಿದ್ದ ಪೊರಕೆ ತಂದು ನನ್ನ ಕೈಗೆ ಕೊಟ್ಟರು.

ಗಾರೆ ಕೆಲಸದವರು ಸುಣ್ಣಕ್ಕೆ ಬೆಲ್ಲ ಹಾಕುವುದು ನೆನಪಾಯಿತು. ಎರಡನೇ ಸಲ ಸರಿಗೆ ಬೆಲ್ಲ ಕರಗಿಸಿ ಹಾಕಿದೆ. ಚೆನ್ನಾಗಿಯೇ ಹಿಡಿಯಿತು. ಬೆಳಿಗ್ಗೆ ಬಂದು ನೋಡಿದರೆ ಗುಡ್ಡ ಅಲುಗಾಡುತ್ತಿದೆ! ಹತ್ತಿರ ಹೋದರೆ ಇರುವೆ. ಮಂಡಿಯ ಇರುವೆಗಳೆಲ್ಲ ಹುಣಸೆಯ ಹುಳಿ ಬಿಟ್ಟು ನನ್ನ ಸಿಹಿ ಗುಡ್ಡ ಹತ್ತುತ್ತಿದ್ದವು. ಮೇಷ್ಟ್ರು ಅವತ್ತು ಮಾತ್ರ ಬಾಯಿ ಬಿಟ್ಟರು. "ಜಾತ್ರೆ ಬರಿ ಅಂತ ಅವ್ರು ಹೇಳಿರ್ಲಿಲ್ಲವಲ್ಲೋ?" ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನನಗೂ ಕಣ್ಣಲ್ಲಿ ನೀರು ಬಂದಿತ್ತು, ನಗುವಿನದಲ್ಲ.

ಮೂರನೇ ಸಲ ಎಲ್ಲ ಕೆರೆದು, ತೆಳ್ಳಗೆ ಮಾಡಿ, ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ಸರಿ ಕಾಸಿ ಮೆತ್ತಿದೆ. ಇರುವೆ ಬರಲಿಲ್ಲ. ಸುತ್ತಿದರೆ ಅಲ್ಲಲ್ಲಿ ಮಾತ್ರ ಉದುರಿತು. ಉದುರಿದ ಕಡೆ ತೇಪೆ ಹಾಕಿದೆ. ಗುಡ್ಡದ ಹಿಂದೆ ಬಟ್ಟೆ ನೀಲಿಯಲ್ಲಿ ಒಂದು ಆಕಾಶ ತುಂಬಿದೆ, ಅದು ಕೈಗೆ ಕೂತ ಕೆಲಸ. ಹೀಗೆ ಎಲ್ಲ ಒಂದು ದಾರಿಗೆ ಬಂತು ಅನ್ನುವಾಗ, ಶಿವರಾತ್ರಿಗೆ ಎಂಟು ದಿನ ಇರುವಾಗ, ನಾಟಕದ ಯಜಮಾನರು ಯಾವುದೋ ಕೆಲಸಕ್ಕೆ ಕೋಲಾರಕ್ಕೆ ಬಂದವರು ಶೆಡ್ಡಿಗೂ ಬಂದರು.

ಗಟ್ಟಿ ಆಳು. ಮಾವಿನ ತೋಪಿನ ಯಜಮಾನಿಕೆ ಇದ್ದವರು, ಅಷ್ಟೇ ಗತ್ತು. ಬಾಗಿಲಲ್ಲಿ ನಿಂತವರು ಪರದೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆ ನೋಡಿದರು.

"ಇದೇನು?"

"ಗುಡ್ಡ ಸ್ವಾಮಿ. ನೀವು ಬರೆದಿದ್ದು."

ಅವರ ಕಣ್ಣು ಕೆಂಪಾಯಿತು. ಕನ್ನಡ ಬಿಟ್ಟು ಮನೆಮಾತಿಗೆ ಇಳಿದರು. "ನೇನು ಗುಡ್ಡ ಅಡಿಗಿತೇ ನುವ್ವು ಕೊಂಡ ಪೆಟ್ಟಿನಾವೇಮಯ್ಯಾ!" ನಾನು ಗುಡ್ಡ ಕೇಳಿದರೆ ನೀನು ಕೊಂಡ ತಂದಿಟ್ಟಿದ್ದೀಯಲ್ಲಯ್ಯಾ ಅಂತ.

ಅಷ್ಟು ಹೊತ್ತಿಗೆ ನನಗೆ ಅರ್ಥವಾಯಿತು. ತೆಲುಗಿನಲ್ಲಿ ಗುಡ್ಡ ಅಂದರೆ ಬಟ್ಟೆ. ನಾವು ಗುಡ್ಡ ಅನ್ನುವುದಕ್ಕೆ ಅವರು ಕೊಂಡ ಅನ್ನುತ್ತಾರೆ. ಪಾಪ, ಅವರು ಕೇಳಿದ್ದು ಹಿಂದೆ ಕಟ್ಟುವುದಕ್ಕೆ ಒಂದು ಬಟ್ಟೆ. ಹದಿನೆಂಟು ಅಡಿ ಅಗಲದ, ಮಣ್ಣಿನ ಬಣ್ಣದ, ಮರ ಗಿಡ ಏನೂ ಬರೆಯದ ಬರೀ ಬಟ್ಟೆ. ತಮಾಷೆ ಏನೆಂದರೆ ನನಗೂ ತೆಲುಗು ಬರುತ್ತಿತ್ತು, ಮೇಷ್ಟ್ರ ಮನೆಮಾತೇ ತೆಲುಗು. ಆದರೆ ಕಾಗದ ಕನ್ನಡ ಅಕ್ಷರದಲ್ಲಿ ಬಂದಿತ್ತು, ನಾವು ಕನ್ನಡದಲ್ಲೇ ಓದಿಕೊಂಡಿದ್ದೆವು. ಆ ಒಂದು ಪದ ಮಾತ್ರ ತೆಲುಗಿನಿಂದ ನುಸುಳಿ ಬಂದು ಅವರ ಕಾಗದದಲ್ಲಿ ಕೂತಿತ್ತು.

"ಈ ಪಂಚೆ ಐದು ಮನೇವು" ಅಂದರು ಯಜಮಾನರು, ಈಗ ಕನ್ನಡದಲ್ಲಿ. "ಈ ಕಾಲ್ದಲ್ಲಿ ಯಾರು ಕೊಡ್ತಾರೆ ಪಂಚೇನ? ನಾಟಕ ಮುಗಿದ ಮೇಲೆ ಬಿಚ್ಚಿ ತೊಳೆದು ವಾಪಸ್ ಕೊಡ್ತೀನಿ ಅಂತ ಇಸ್ಕೊಂಡು ಬಂದಿದೀನಿ. ಒಂದೊಂದು ಒಂದೊಂದು ಥರ ಬಿಳುಪು, ಅದಕ್ಕೇ ಕೆಮ್ಮಣ್ಣು ನೀರಲ್ಲಿ ಅದ್ದಿ ಕೊಡ್ಲಿ ಅಂದಿದ್ದು. ಅದ್ರಲ್ಲಿ ಒಂದು ನಮ್ಮ ನಾಯನದು, ನಮ್ಮಪ್ಪಂದು. ಅವ್ರು ಹೋದ ಮೇಲೆ ಎರಡು ವರ್ಷದಿಂದ ಅಮ್ಮ ಪೆಟ್ಟಿಗೇಲಿ ಇಟ್ಟಿದ್ಲು. ಈಗ ಏನಂತ ಹೇಳ್ಲಿ ಅವಳಿಗೆ? ಮತ್ತೆ ನಾಟಕ? ಇರೋದು ಒಂದೇ ಬಟ್ಟೆ, ಅದರ ಮುಂದೇನೆ ಅರಮನೆ, ಅದರ ಮುಂದೇನೆ ಕಾಡು, ಅದರ ಮುಂದೇನೆ ಸುಡುಗಾಡು. ರಾಜನ್ನ ಗುಡ್ಡದ ಮೇಲೆ ಕೂರಿಸ್ಲಾ?"

ಮೇಷ್ಟ್ರು ಕೈಮುಗಿದರು. ಅವರು ಯಾರಿಗೂ ಕೈಮುಗಿದದ್ದನ್ನು ನಾನು ಕಂಡಿರಲಿಲ್ಲ. "ತೊಳೆದು ಕೆಮ್ಮಣ್ಣಲ್ಲಿ ಅದ್ದಿ ಕೊಡ್ತೀವಿ. ತಪ್ಪು ನಮ್ದು" ಅಂದರು. ಯಜಮಾನರು ಹೋಗುವಾಗ ತಿರುಗಿ ನನ್ನ ಕಡೆ ಬೆರಳು ತೋರಿಸಿದರು. "ಗುಡ್ಡ ಬೇಕು. ಕೊಂಡ ಬೇಡ. ಗೊತ್ತಾಯ್ತಾ?"

ಅವರು ಹೋದ ಮೇಲೆ ಮೇಷ್ಟ್ರು ನನ್ನನ್ನು ಬಯ್ಯಲಿಲ್ಲ. "ಹುಣಸೆ ಸರಿ ಸುಮ್ನೆ ಬಿಡಲ್ಲ. ಇವತ್ತು ನೀರು ಚಿಮುಕಿಸಿ ಒದ್ದೆ ಗೋಣಿ ಹೊದಿಸು, ನೆನೀಲಿ. ನಾಳೆ ಕೆರೆಗೆ ತಗೊಂಡು ಹೋಗಿ ಅಗಸನ ಕೈಲಿ ಒಗೆಸು" ಅಂದು ತಮ್ಮ ಅರಮನೆ ಪರದೆಯ ಕಡೆಗೆ ತಿರುಗಿದರು. ಹೆಸರಿನ ಮಾತು ಇಬ್ಬರೂ ಎತ್ತಲಿಲ್ಲ. ನಾನು ನೀರು ಚಿಮುಕಿಸಿದೆ. ಮೊದಲು ಹೋದದ್ದು ನನ್ನ ಆಕಾಶ. ನೀಲಿ ಇಳಿದು ನೆಲದ ಮೇಲೆ ಹರಿಯಿತು. ನಾಲ್ಕು ವರ್ಷ ಆಕಾಶ ತುಂಬಿದವನಿಗೆ ಅದನ್ನು ನೋಡುತ್ತ ನಿಲ್ಲಲಾಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ಗೋಣಿ ತೆಗೆದಾಗ ಮಣ್ಣು ಮೆತ್ತಗೆ, ಅರ್ಧ ಒದ್ದೆ ಅರ್ಧ ಒಣಗಿದ ಹದದಲ್ಲಿತ್ತು. ಒಗೆಯುವುದಕ್ಕೆ ಒಯ್ಯುವ ಬಟ್ಟೆಯನ್ನು ಮಡಿಸಿದರೂ ಆಗುತ್ತಿತ್ತು. ಅಭ್ಯಾಸ ಬಿಡುತ್ತದೆಯೇ? ಬಿದಿರಿಗೆ ಬಿಗಿಯಾಗಿ ಸುತ್ತಿದೆ. ನಾನೊಂದು ತುದಿ, ಅಗಸ ಒಂದು ತುದಿ ಹೆಗಲಿಗೆ ಏರಿಸಿಕೊಂಡು ಪೇಟೆಯಲ್ಲಿ ಹೊರಟೆವು. ದಾರಿಯಲ್ಲಿ ಒಬ್ಬರು ಹೆಣ ಅಂದುಕೊಂಡು ಟೋಪಿ ತೆಗೆದು ಪಕ್ಕಕ್ಕೆ ಸರಿದರು. ಅಗಸನಿಗೆ ನಗು, ನನಗೆ ಮೈಯೆಲ್ಲ ಕೋಪ.

ಕೆರೆಯಲ್ಲಿ ನೀರು ಹಿಂದೆ ಸರಿದಿತ್ತು. ಅಷ್ಟು ದೂರ ಬಿಸಿಲಲ್ಲಿ ಹೊತ್ತು ತಂದದ್ದನ್ನು ಒಗೆಯುವ ಬಂಡೆಯ ಪಕ್ಕದಲ್ಲಿ ಇಳಿಸಿ ಬಿಚ್ಚಿದೆವು. ಬಿಚ್ಚಿದವನು ಹಾಗೇ ಕೈ ನಿಲ್ಲಿಸಿದೆ. ಪರದೆಯ ಉದ್ದಗಲಕ್ಕೂ ಬಿರುಕು. ಬಿದಿರು ಉರುಳಿದ ಕಡೆಯಲ್ಲೆಲ್ಲ ಅಡ್ಡಡ್ಡಕ್ಕೆ ನೂರಾರು ಬಿರುಕು, ಕೆಲವು ಕೂದಲಿನಷ್ಟು, ಕೆಲವು ಬೆರಳು ತೂರುವಷ್ಟು. ಆದರೆ ಒಂದು ಚೂರೂ ಉದುರಿರಲಿಲ್ಲ! ಅರ್ಧ ಒದ್ದೆಯಲ್ಲಿ ಸುತ್ತಿದ್ದರಿಂದ ಮಣ್ಣು ತನಗೆ ಬಾಗಬೇಕಾದ ಕಡೆ ತಾನೇ ಬಿರಿದು, ಬಟ್ಟೆಯನ್ನು ಬಿಡದೆ ಹಿಡಿದುಕೊಂಡಿತ್ತು. ನಾನು ಮೂರು ಸಲ ಗುದ್ದಾಡಿದ್ದು ಬಿರುಕು ಬರಬಾರದು ಅಂತ. ಬಿರುಕನ್ನು ಮೊದಲೇ ಬರಲು ಬಿಟ್ಟಿದ್ದರೆ ಉದುರುವ ಗೋಜೇ ಇರುತ್ತಿರಲಿಲ್ಲ. ಇಟ್ಟಿಗೆ ಗೂಡಿನ ಮನೆಯಲ್ಲಿ, ಒಣಗುವ ಮಣ್ಣು ಬಿರಿಯುವುದನ್ನು ನೋಡುತ್ತಲೇ ಬೆಳೆದವನಿಗೆ ಇಷ್ಟು ಹೊಳೆಯಲಿಲ್ಲವಲ್ಲ ಅಂತ ಹಣೆ ಚಚ್ಚಿಕೊಂಡೆ.

ಆಕಾಶ ಹೋಗಿತ್ತು. ಗುಡ್ಡದ ಅಂಚೂ ನೆನೆದು ಕರಗಿ ಹೋಗಿತ್ತು. ಆಕಾರ ಅನ್ನುವುದು ಉಳಿದಿರಲಿಲ್ಲ. ಮುಳಬಾಗಿಲಲ್ಲಿ ಅಂಗೈಯಲ್ಲಿ ಸವರಿದ್ದು ಮಾತ್ರ ನನ್ನ ಮುಂದೆ ಹಾಸಿಕೊಂಡು ಬಿದ್ದಿತ್ತು.

"ನೆನೆಸ್ಲಾ?" ಅಂದ ಅಗಸ.

"ಬೇಡ" ಅಂದೆ.

"ಮೇಷ್ಟ್ರು ಒಗಿ ಅಂದವ್ರಲ್ಲ?"

"ಅವ್ರಿಗೆ ನಾನ್ ಹೇಳ್ತೀನಿ. ಎತ್ತು."

ಅವನು ಗೊಣಗಿಕೊಂಡೇ ಎತ್ತಿದ. ವಾಪಸ್ ಬರುವ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ತೊಳೆದಿದ್ದರೆ ಹೆಸರು ಮಾತ್ರ ಹೋಗುತ್ತಿತ್ತು. ತೊಳೆಯದೆ ಒಯ್ದು ಅವರು ಬೇಡ ಅಂದರೆ ಐದು ಮನೆಯವರ ಪಂಚೆ, ಮೇಷ್ಟ್ರ ಮಾತು, ನನ್ನ ಕೆಲಸ, ಮೂರೂ ಹೋಗುತ್ತವೆ. ಗೊತ್ತಿದ್ದೇ ಮಾಡಿದೆ.

ಮೇಷ್ಟ್ರು ನನ್ನ ಮಾತು ಪೂರ್ತಿ ಕೇಳಿದರು. ಪರದೆಯನ್ನು ನೋಡಿದರು. ಪರದೆಯ ಕೆಲಸದಲ್ಲಿ ಅವರದ್ದು ಒಂದೇ ಕಟ್ಟುಪಾಡು, ಕೊನೇ ಸಾಲಿನಲ್ಲಿ ಕೂತವನಿಗೂ ಅದು ಏನು ಅಂತ ಗುರುತು ಸಿಗಬೇಕು.

"ಇದು ಏನು ಅಂತ ಕೇಳಿದ್ರೆ ಏನ್ ಹೇಳ್ತೀಯ?"

"ಗುಡ್ಡ ಅಂತೀನಿ."

"ಯಾವ ಗುಡ್ಡ? ನಮ್ದಾ, ಅವರದಾ?"

"ಅವರು ಕೇಳಿದ್ದು ಯಾವುದೋ ಅದು."

ಮೇಷ್ಟ್ರು ಬೀಡಿ ಹಚ್ಚಿದರು. "ನಾನು ಕೈ ಹಾಕಲ್ಲ. ಬಾಯೂ ಹಾಕಲ್ಲ" ಅಂದರು. ಅವರಿಂದ ಅಷ್ಟು ಸಿಕ್ಕಿದ್ದೇ ಹೆಚ್ಚು.

ಉಳಿದದ್ದು ಏಳು ದಿನ. ಆಕಾಶವಿದ್ದ ಜಾಗಕ್ಕೂ ಮಣ್ಣು ಮೆತ್ತಿದೆ. ಒಂದೇ ಬಣ್ಣ ಆಗದಂತೆ ಕೆಂಪಿನ ಒಳಗೆ ಬೂದಿ, ಬೂದಿಯ ಅಂಚಿಗೆ ಕಲ್ಲಿನ ಪುಡಿ. ಅರ್ಧ ಒಣಗಿದಾಗ ಸುತ್ತಿದೆ, ಬಿಚ್ಚಿದೆ. ಅಡ್ಡ ಬಿರುಕು ಬಂತು, ಆದರೆ ಬಂಡೆ ಬರೀ ಅಡ್ಡಕ್ಕೆ ಬಿರಿಯುವುದಿಲ್ಲವಲ್ಲ. ಹನ್ನೆರಡು ಅಡಿಯ ಇನ್ನೊಂದು ಬಿದಿರು ತಂದು ಪಕ್ಕದ ಅಂಚಿನಿಂದ ಸುತ್ತಿದೆ. ಪರದೆಯನ್ನು ಪಕ್ಕದಿಂದ ಸುತ್ತುವುದು ಶೆಡ್ಡಿನಲ್ಲಿ ಯಾರೂ ಮಾಡದ ಕೆಲಸ, ಮೇಷ್ಟ್ರು ನೋಡಲಾರದೆ ಹೊರಗೆ ಹೋದರು. ಉದ್ದ ಬಿರುಕು ಬಂತು. ಒಂದನ್ನೊಂದು ಕತ್ತರಿಸಿಕೊಂಡು ಹೊಪ್ಪಳೆಗಳಾದವು. ಪೂರ್ತಿ ಒಣಗಿದ ಮೇಲೆ ದೀಪದ ಮಸಿಯನ್ನು ತೆಳ್ಳಗೆ ನೀರು ಮಾಡಿ ಹಳೇ ಬಟ್ಟೆಯಲ್ಲಿ ಒರೆಸಿದೆ. ಮೇಲಿನದು ಒರೆಸಿ ಹೋಯಿತು, ಬಿರುಕಿನೊಳಗೆ ಇಳಿದದ್ದು ಅಲ್ಲೇ ನಿಂತಿತು. ಕೊನೆಗೆ ಮೂರು ಸಲ ಸುತ್ತಿ ಬಿಚ್ಚಿದೆ. ಟವೆಲಿನ ಮೇಲೆ ಬಿದ್ದದ್ದು ಒಂದು ಚಿಟಿಕೆ ಧೂಳು. ಮೇಷ್ಟ್ರು ಅದನ್ನು ಅಂಗೈಗೆ ತೆಗೆದುಕೊಂಡು ಉಫ್ ಅಂತ ಊದಿದರು. "ನಾನೂ ಬರ್ತೀನಿ ನಡಿ. ಒಬ್ನೇ ಒದೆ ತಿನ್ಬೇಡ" ಅಂದರು.

ಶಿವರಾತ್ರಿಯ ಹಿಂದಿನ ದಿನ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸಿನ ನೆತ್ತಿಯ ಮೇಲೆ ಬಿದಿರನ್ನು ಉದ್ದಕ್ಕೂ ಕಟ್ಟಿಸಿದೆವು. ಶ್ರೀನಿವಾಸಪುರದ ಹತ್ತಿರ ಏರಿನಲ್ಲಿ ಬಸ್ಸು ಕೂತುಬಿಟ್ಟಿತು, ಎಲ್ಲರೂ ಇಳಿದು ತಳ್ಳಿದೆವು. ಎರಡೂ ಕಡೆ ಮಾವಿನ ತೋಪು ಹೂ ಬಿಟ್ಟು ನಿಂತಿದ್ದವು. ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಂದರೆ ನನಗೆ ಅವತ್ತಿನ ಭಯ ನೆನಪಾಗುತ್ತದೆ. ಆ ಭಯಕ್ಕೂ ಈಗ ಮನಸ್ಸು ಹಂಬಲಿಸುತ್ತದೆ ಅಂದರೆ ನಂಬುತ್ತೀರೋ ಇಲ್ಲವೋ.

ಮಧ್ಯಾಹ್ನದ ಹೊತ್ತಿಗೆ ಕಣದಲ್ಲಿ ಕಟ್ಟಿದ್ದ ಚಪ್ಪರಕ್ಕೆ ಪರದೆ ಏರಿಸಿದೆವು. ಬಿದಿರು ಮೇಲಿಂದ ಉರುಳಿ ಬಂದು ನೆಲ ಮುಟ್ಟಿತು. ಯಜಮಾನರು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

"ತೊಳೀಲಿಲ್ಲ" ಅಂದರು.

"ಇಲ್ಲ ಸ್ವಾಮಿ."

"ನಾನೇನು ಹೇಳಿದ್ದೆ?"

"ಕೊಂಡ ಬೇಡ ಅಂದಿದ್ರಿ. ಇದ್ರಲ್ಲಿ ಕೊಂಡ ಇಲ್ಲ. ಒಂದ್ಸಲ ದೂರದಿಂದ ನೋಡಿ. ಆಮೇಲೆ ಏನಾದ್ರೂ ಮಾಡಿ."

ಅವರು ಕೋಪದಲ್ಲೇ ಕಣದ ಆ ತುದಿಗೆ ನಡೆದರು. ಅಷ್ಟರಲ್ಲಿ ರಾಜನ ಪಾತ್ರದವನು ಕಿರೀಟ ಸರಿಯಾಗಿದೆಯಾ ನೋಡಿಕೊಳ್ಳಲು ಪರದೆಯ ಮುಂದೆ ಬಂದು ಕುರ್ಚಿಯ ಮೇಲೆ ಕೂತ. ಅವನ ಹಿಂದೆ ಅದು ಯಾವುದೋ ಹಳೇ ಕೋಟೆಯ ಗೋಡೆಯಾಯಿತು. ಅವನು ಎದ್ದು ಹೋದ, ಸುಡುಗಾಡು ಕಾಯುವವನ ಪಾತ್ರದವನು ಕೋಲು ಊರಿಕೊಂಡು ನಿಂತ. ಸುಟ್ಟ ನೆಲವಾಯಿತು. ನೋಡಲು ಬಂದವರಲ್ಲಿ ಒಬ್ಬ, "ಇದು ನಮ್ಮ ಹೊಲದ ಹಿಂದಿನ ಬಂಡೆ ಕಣ್ರೋ" ಅಂದ. ಇನ್ನೊಬ್ಬ, "ಲೇ ಹೋಗಲೇ, ಇದು ನಮ್ಮ ಕುಂಟೆ ಒಣಗಿದಾಗ ಹಿಂಗೇ ಇರ್ತದೆ" ಅಂದ. ಇಬ್ಬರಿಗೂ ಜಗಳವೇ ಹತ್ತಿತು. ಮೇಷ್ಟ್ರು ನನ್ನ ಪಕ್ಕದಲ್ಲಿ ನಿಂತು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಕೊನೇ ಸಾಲಿನವನಿಗೂ ಗುರುತು ಸಿಕ್ಕಿತ್ತು, ಒಬ್ಬೊಬ್ಬನಿಗೆ ಒಂದೊಂದು.

ಯಜಮಾನರು ಆ ತುದಿಯಲ್ಲಿ ತುಂಬ ಹೊತ್ತು ನಿಂತಿದ್ದರು. ವಾಪಸ್ ಬಂದವರು ನನ್ನ ಮುಖ ನೋಡಲಿಲ್ಲ. "ಇರನೀ" ಅಂದರು. ಇರಲಿ ಅಂತ.

ಮೇಷ್ಟ್ರು ಚೀಲದಿಂದ ಮಸಿಯ ಡಬ್ಬಿ, ಸಣ್ಣ ಕುಂಚ ತೆಗೆದರು. ಅವನ್ನು ಅವರು ಕೋಲಾರದಿಂದಲೇ ಇಟ್ಟುಕೊಂಡು ಬಂದಿದ್ದರು ಅನ್ನುವುದು ಆಗ ಗೊತ್ತಾಯಿತು. "ಬರಿ" ಅಂದರು. ಬಲಗಡೆಯ ಕೆಳಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತೆ. ಕುಂಚ ಅದ್ದಿದೆ. ನಾಲ್ಕು ವರ್ಷ ಕಾದ ಕೈ ಅದು.

"ಏಮಿ ಅಬ್ಬಾಯಿ, ಅದ್ರ ಮೇಲೆ ಏನು ಬರೀತೀಯ?"

ಹಿಂದೆ ಒಬ್ಬರು ವಯಸ್ಸಾದ ಹೆಂಗಸು ನಿಂತಿದ್ದರು. ಯಜಮಾನರು ಹತ್ತಿರ ಬಂದು, "ನಮ್ಮಮ್ಮ" ಅಂದರು. ಮೂಲೆಯ ಪಂಚೆ ಅವರದು, ಅಂದರೆ ತೀರಿಹೋದ ಅವರ ಗಂಡನದು. ಅಂಚಿನ ಹೊಲಿಗೆ ನೋಡಿ ಗುರುತು ಹಿಡಿದುಕೊಂಡು ಬಂದಿದ್ದರು.

"ನನ್ನ ಹೆಸರು ಬರೀತೀನಿ ಅಮ್ಮ. ಬರೆದೋರ ಹೆಸರು ಹಾಕೋದು ಪದ್ಧತಿ."

"ಪಂಚೆ ನಮ್ಮೋರದು. ಹೆಸರು ನಿಂದಾ?"

ಸುತ್ತ ನಿಂತವರು ನಕ್ಕರು. ನನಗೆ ರೇಗಿತು, ಆದರೆ ಆಕೆಯ ಮುಖದಲ್ಲಿ ತಮಾಷೆ ಇರಲಿಲ್ಲ. ಬಗ್ಗಿ ಆ ಮೂಲೆಯ ಮೇಲೆ ಕೈ ಇಟ್ಟು ಬಿರುಕು ಬಿರುಕನ್ನೂ ಸವರುತ್ತಿದ್ದರು. ನನ್ನ ರೇಗು ಇಳಿಯಿತು. ಹೋಗಲಿ, ಇದೊಂದು ಮೂಲೆ ಈಕೆಗೇ ಇರಲಿ ಅನ್ನಿಸಿತು. "ಅವರ ಹೆಸರೇ ಬರೀತೀನಿ ಅಮ್ಮ. ಏನು ಅವರ ಹೆಸರು?"

ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಗಂಡನ ಹೆಸರು ಹೇಳುವ ಕಾಲವಲ್ಲ ಅದು, ನಾನು ಕೇಳಬಾರದಿತ್ತು. ಮಗನ ಕಡೆ ನೋಡಿದರು, ಪರದೆಯನ್ನು ಮೇಲಿಂದ ಕೆಳಗಿನ ತನಕ ನೋಡಿದರು. ಆಮೇಲೆ ಸೆರಗಿನ ಒಳಗಿಂದಲೇ ಹೇಳಿದರು. "ಮತ್ತೆ ಬರೆಯೋದ್ಯಾಕೆ ಅಬ್ಬಾಯಿ? ಈ ಕಡೆಯಿಂದ ಆ ಕಡೆ ತನಕ ನೀನೇ ಬರೆದಿದೀಯಲ್ಲ."

ನನಗೆ ತಿಳಿಯಲಿಲ್ಲ. ಯಜಮಾನರನ್ನು ನೋಡಿದೆ. ಅಷ್ಟು ಗತ್ತಿನ ಮನುಷ್ಯ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ನಮ್ಮ ನಾಯನ ಹೆಸರು ಕೊಂಡಪ್ಪ" ಅಂದರು ಮೆಲ್ಲಗೆ. "ಅದಕ್ಕೇ ಅಮ್ಮ ಕೊಂಡ ಅನ್ನೋ ಮಾತೇ ಬಾಯಲ್ಲಿ ತರಲ್ಲ. ತೆಲುಗು ಮಾತಾಡುವಾಗ್ಲೂ ಅದೊಂದನ್ನ ಮಾತ್ರ ಕನ್ನಡದಲ್ಲಿ ಗುಡ್ಡ ಅಂತಾಳೆ. ಮದುವೆ ಆದಾಗಿನಿಂದ ಹಂಗೇ. ಅವಳ ಬಾಯಲ್ಲಿ ಬಟ್ಟೇನೂ ಗುಡ್ಡಾನೇ, ಕೊಂಡಾನೂ ಗುಡ್ಡಾನೇ."

ಕುಂಚದಿಂದ ಒಂದು ಹನಿ ಮಸಿ ಮಣ್ಣಿಗೆ ಬಿತ್ತು. ಮೇಷ್ಟ್ರು ಬಗ್ಗಿ ನನ್ನ ಕೈಯಿಂದ ಕುಂಚ ತೆಗೆದುಕೊಂಡು ಒರೆಸಿ ಚೀಲಕ್ಕೆ ಹಾಕಿಕೊಂಡರು. ಆ ಪರದೆಗೆ ಹೆಸರು ಬೀಳಲಿಲ್ಲ.

ನಾಟಕ ಮುಗಿದ ಮೇಲೆ ಎರಡು ಮನೆಯವರು ತಮ್ಮ ಪಂಚೆ ಬಿಚ್ಚಿಕೊಂಡು ಹೋದರಂತೆ. ನ್ಯಾಯವೇ, ಉಡಲು ಬೇಕಲ್ಲ. ಬೇಯಿಸಿ ಒಗೆದರೂ ಕಲೆ ಪೂರ್ತಿ ಬಿಡಲಿಲ್ಲವಂತೆ, ಆ ಇಬ್ಬರೂ ಬಹಳ ದಿನ ಸೊಂಟಕ್ಕೆ ಬಂಡೆ ಸುತ್ತಿಕೊಂಡೇ ಹೊಲಕ್ಕೆ ಹೋಗುತ್ತಿದ್ದರಂತೆ. ಉಳಿದ ಮೂರು ಪಂಚೆ ಮೂಲೆಯ ಸಮೇತ ಪರದೆಯಾಗೇ ಉಳಿಯಿತು. ಮುಂದೆ ನಾನು ಎಷ್ಟೋ ಪರದೆ ಬರೆದೆ, ಎಷ್ಟೋ ಮೂಲೆಗಳಲ್ಲಿ ಹೆಸರು ಹಾಕಿದೆ. ಅವುಗಳಲ್ಲಿ ಒಂದರ ಮೂಲೆಯೂ ಈಗ ಕಣ್ಣಿಗೆ ಕಟ್ಟುವುದಿಲ್ಲ. ಹೆಸರಿಲ್ಲದ ಆ ಮೂಲೆಯ ಒಂದೊಂದು ಬಿರುಕೂ ಗೊತ್ತು.

ಶಿವರಾತ್ರಿ ಕಳೆದು ಕೋಲಾರಕ್ಕೆ ಬಂದ ಮಾರನೇ ದಿನ ಬೆಳಿಗ್ಗೆ ಎಂದಿನ ಹಾಗೆ ಶೆಡ್ಡಿಗೆ ಹೋದೆ. ಪರದೆ ಏರಿತ್ತು, ಆದರೆ ಹೆಸರು ಹಾಕಿರಲಿಲ್ಲ, ಈ ಲೆಕ್ಕಕ್ಕೆ ಇನ್ನೆರಡು ವರ್ಷ ಬಣ್ಣ ಅರೆಯಬೇಕೋ ಏನೋ ಅಂತ ಅನುಮಾನದಲ್ಲೇ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ. ತಿರುಗಿ ನೋಡಿದರೆ ಅರೆಯುವ ಕಲ್ಲಿನ ಮುಂದೆ ಮೇಷ್ಟ್ರು ಕೂತಿದ್ದರು. ಗುಂಡುಕಲ್ಲು ಅವರ ಕೈಯಲ್ಲಿತ್ತು, ತೋಳಿನ ತನಕ ಕೆಮ್ಮಣ್ಣು. ನನ್ನನ್ನು ನೋಡಿ ಕಲ್ಲು ನಿಲ್ಲಿಸಿದರು.

"ಇವತ್ತು ನಿನಗೆ ಯಾವ ಬಣ್ಣ ಬೇಕು, ಹೇಳು" ಅಂದರು.